ಎಂ.ಎ. ಓದುತ್ತಲೇ ಬಾಣಂತನದ ಖರ್ಚು ಹೊಂದಿಸಿದ್ದು

2023ರ ಜುಲೈಯಲ್ಲಿ ನಾನು ಗರ್ಭಿಣಿ ಎಂದು ತಿಳಿದಾಗ ಎಂ.ಎ. ಮೊದಲ ವರ್ಷ ಇನ್ನೂ ಮುಗಿದಿರಲಿಲ್ಲ. ಯಜಮಾನರು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ನನಗೆ ವಿದ್ಯಾರ್ಥಿವೇತನ ಬಿಟ್ಟರೆ ಬೇರೆ ಆದಾಯವಿಲ್ಲ. "ಟಿಸಿ ತೆಗೆದುಕೊಂಡು ಬಾರಮ್ಮ, ಮಗು ದೊಡ್ಡದಾದ ಮೇಲೆ ಓದುವೆಯಂತೆ" ಎಂದು ಅತ್ತೆ ಪ್ರೀತಿಯಿಂದಲೇ ಹೇಳಿದರು. ನಾನು ಟಿಸಿ ತೆಗೆಯಲಿಲ್ಲ. ದಾಖಲಾತಿ ಹೋದರೆ ವಿದ್ಯಾರ್ಥಿವೇತನವೂ ಹೋಗುತ್ತದೆ, ಮತ್ತೆ ಸೇರುವಾಗ ಶುಲ್ಕವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು.

ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆ ಉದ್ಯೋಗದಲ್ಲಿರುವ ಮಹಿಳೆಯರಿಗೆ ಸಂಬಂಧಿಸಿದ್ದಾಗಿತ್ತು. ವಿದ್ಯಾರ್ಥಿನಿಗೆ ಅದರಲ್ಲಿ ಜಾಗವಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಹಣದ ನೆರವು ಹುಡುಕುತ್ತಾ ನಾನು ಎರಡು ವಾರ ಕಳೆದೆ. ಊರಿನ ಆಶಾ ಕಾರ್ಯಕರ್ತೆ ಕಣ್ಣು ತೆರೆಸಿದರು: "ನೀನು ಓದುತ್ತಿದ್ದೀಯೋ ಇಲ್ಲವೋ ಇಲ್ಲಿ ಯಾರೂ ಕೇಳುವುದಿಲ್ಲ. ಮೊದಲು ತಾಯಿ ಕಾರ್ಡ್ ಮಾಡಿಸು." ಗರ್ಭಿಣಿಯ ತಪಾಸಣೆಗಳನ್ನು ಬರೆದಿಡುವ ಸರ್ಕಾರಿ ಕಾರ್ಡ್ ಅದು. ಹಣ ಸಿಗುವುದು ಗರ್ಭಿಣಿ ಎಂಬ ಲೆಕ್ಕದಲ್ಲಿ, ಸಮಯ ಸಿಗುವುದು ವಿದ್ಯಾರ್ಥಿನಿ ಎಂಬ ಲೆಕ್ಕದಲ್ಲಿ. ಎರಡಕ್ಕೂ ಬೇರೆ ಬೇರೆ ಬಾಗಿಲು ತಟ್ಟಬೇಕೆಂದು ಆಗ ಅರ್ಥವಾಯಿತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿದ್ದುದರಿಂದ ಎಲ್ಲ ನೋಂದಣಿಯನ್ನೂ ಅಲ್ಲಿಯೇ ಮಾಡಿಸಿದೆ. ಅಲ್ಲಿನ ಬಿಪಿಎಲ್ ಕಾರ್ಡಿನಿಂದ ನನ್ನ ಹೆಸರನ್ನು ಇನ್ನೂ ತೆಗೆಸಿರಲಿಲ್ಲ, ಅದು ಉಪಯೋಗಕ್ಕೆ ಬಂತು. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಕೊಡುತ್ತಾರೆ. ಕೊನೆಯ ಮುಟ್ಟಿನ ದಿನದಿಂದ ಆರು ತಿಂಗಳೊಳಗೆ ಗರ್ಭಿಣಿಯೆಂದು ನೋಂದಾಯಿಸಿ, ಒಮ್ಮೆಯಾದರೂ ತಪಾಸಣೆ ಮಾಡಿಸಿದರೆ ಮೊದಲ ಕಂತು 3,000. ಮಗುವಿನ ಜನನ ನೋಂದಣಿಯಾಗಿ, ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ ಉಳಿದ 2,000. ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ಬರುತ್ತದೆ. ಅರ್ಜಿಯನ್ನು ಅಂಗನವಾಡಿಯಲ್ಲೇ ತುಂಬಿಕೊಟ್ಟೆ.

ತಿಂಗಳುಗಳು ಕಳೆದರೂ ಹಣ ಬರಲಿಲ್ಲ. ಅಂಗನವಾಡಿ ಟೀಚರ್ ನೋಡಿ "ಜಮೆಯಾಗಿದೆ" ಎಂದರು, ನನ್ನ ಪಾಸ್‌ಬುಕ್ಕಿನಲ್ಲಿ ಮಾತ್ರ ಏನೂ ಇರಲಿಲ್ಲ. ಅವರ ಮೇಲೆ ಅನುಮಾನಪಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ. ಹಣ ನಿಜವಾಗಿಯೂ ಬಂದಿತ್ತು, ಆದರೆ ಮದುವೆಯ ನಂತರ ಗಂಡನ ಊರಿನಲ್ಲಿ ತೆರೆದು ಮರೆತೇಬಿಟ್ಟಿದ್ದ ಖಾತೆಗೆ. ಇಂಥ ಹಣ ನಾವು ಕೊಟ್ಟ ಪಾಸ್‌ಬುಕ್ಕಿನ ಸಂಖ್ಯೆಯನ್ನು ನೋಡುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅರ್ಜಿ ಹಾಕುವ ಮೊದಲೇ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ದಯವಿಟ್ಟು ನೋಡಿಕೊಳ್ಳಿ. ಐದು ನಿಮಿಷದ ಕೆಲಸ.

ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾಯಿತು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಔಷಧ, ರಕ್ತಪರೀಕ್ಷೆ, ಊಟ ಎಲ್ಲವೂ ಉಚಿತ. ಸಿಸೇರಿಯನ್ ಆದರೂ ಹಾಗೆಯೇ. ನಾನು ಹಳ್ಳಿಯವಳಾದ್ದರಿಂದ ಜನನಿ ಸುರಕ್ಷಾ ಯೋಜನೆಯ 700 ರೂಪಾಯಿಯೂ ಸಿಕ್ಕಿತು. ತವರಿನಲ್ಲಿದ್ದಷ್ಟು ದಿನ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟ ಅಂಗನವಾಡಿಯಲ್ಲೇ ಇತ್ತು: ಅನ್ನ, ಸಾಂಬಾರು, ಮೊಟ್ಟೆ, ಹಾಲು. ಊಟಕ್ಕೆ ಅಲ್ಲಿಗೆ ಹೋಗಲು ಮೊದಮೊದಲು ಸಂಕೋಚಪಟ್ಟೆ. ಅಲ್ಲಿ ಜೊತೆಗೆ ಕೂತು ಉಣ್ಣುತ್ತಿದ್ದ ನಾಲ್ವರಲ್ಲಿ ಒಬ್ಬಳು ಬಿ.ಎಡ್. ವಿದ್ಯಾರ್ಥಿನಿ ಎಂದು ಗೊತ್ತಾದ ದಿನ ಆ ಸಂಕೋಚ ಹೋಯಿತು. ತಪಾಸಣೆಗೆ ಹೋಗಿಬರುವ ಖರ್ಚನ್ನು ಶಕ್ತಿ ಯೋಜನೆಯ ಉಚಿತ ಬಸ್ ಉಳಿಸಿತು.

ಇನ್ನು ಸಮಯದ ಬಾಗಿಲು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಾತಿಯಲ್ಲಿ ರಿಯಾಯಿತಿ, ಪರೀಕ್ಷಾ ಅರ್ಜಿಗೆ ಹೆಚ್ಚುವರಿ ಕಾಲಾವಕಾಶ ನೀಡುವ ನಿಯಮ ರೂಪಿಸುವಂತೆ ಕೇಳಿತ್ತು. ಪಿಎಚ್.ಡಿ. ಸಂಶೋಧಕಿಯರಿಗಾದರೆ ಒಮ್ಮೆ 240 ದಿನಗಳವರೆಗೆ ರಜೆಗೆ ಯುಜಿಸಿ ನಿಯಮಾವಳಿಯಲ್ಲೇ ಅವಕಾಶವಿದೆ. ನಮ್ಮ ವಿಭಾಗದಲ್ಲಿ ಆ ಪತ್ರವನ್ನು ಯಾರೂ ನೋಡಿರಲಿಲ್ಲ. ಮುದ್ರಿಸಿ, ತಾಯಿ ಕಾರ್ಡಿನ ಪ್ರತಿಯೊಂದಿಗೆ ಅರ್ಜಿ ಕೊಟ್ಟೆ. ಬಾಯಿಮಾತಿಗೆ ನಿಲ್ಲಿಸದೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಪರೀಕ್ಷಾ ಅರ್ಜಿಯ ಕೊನೆಯ ದಿನ ನಾನು ಹೆರಿಗೆ ವಾರ್ಡಿನಲ್ಲಿದ್ದೆ. ಆ ಮೊಹರಿನ ಪ್ರತಿಯನ್ನು ಹಿಡಿದು ನನ್ನ ತಮ್ಮ ಕಚೇರಿಗೆ ಹೋದ, ದಂಡವಿಲ್ಲದೆ ಅರ್ಜಿ ತೆಗೆದುಕೊಂಡರು. ಮೂರನೆಯ ಸೆಮಿಸ್ಟರಿನ ಪರೀಕ್ಷೆ ಬರೆಯುವಾಗ ಮಗುವಿಗೆ ನಲವತ್ತು ದಿನ. ಅಮ್ಮ ಹೊರಗೆ ಬೇವಿನ ಮರದ ಕೆಳಗೆ ಅವಳನ್ನು ಎತ್ತಿಕೊಂಡು ಕೂತಿದ್ದರು.

ಹದಿನಾಲ್ಕನೆಯ ವಾರದ ಲಸಿಕೆ ಆದ ಮೇಲೆ ಎರಡನೆಯ ಕಂತು ಬಂತು, ಈ ಸಲ ಸರಿಯಾದ ಖಾತೆಗೆ. ಅದರಲ್ಲಿ ಮಗಳಿಗೆ ಸೊಳ್ಳೆಪರದೆ ತಂದು, ಉಳಿದದ್ದನ್ನು ನಾಲ್ಕನೆಯ ಸೆಮಿಸ್ಟರಿನ ಪರೀಕ್ಷಾ ಶುಲ್ಕಕ್ಕೆ ಕಟ್ಟಿದೆ.