ಸ್ಪೋರ್ಟ್ ಟ್ರಿಮ್ ತಗೊಂಡೆ, ಚಕ್ರ ಮಾತ್ರ ಬದಲಾಯಿಸಿದೆ

2025ರ ಸೆಪ್ಟೆಂಬರ್ ಕೊನೆಯ ವಾರ. ಪುಣೆಯ ಒಂದು ಶೋರೂಮಿನಲ್ಲಿ ಕೂತಿದ್ದೆ. ಸೇಲ್ಸ್ ಹುಡುಗ ಕ್ಯಾಲ್ಕ್ಯುಲೇಟರನ್ನು ನನ್ನ ಕಡೆ ತಿರುಗಿಸಿ, "ಮ್ಯಾಡಮ್, ಜಿಎಸ್‌ಟಿ ಇಳಿದದ್ದರಿಂದ ನಿಮಗೆ ನಾಲ್ಕೂವರೆ ಲಕ್ಷದ ಮೇಲೆ ಉಳೀತು. ಸ್ಪೋರ್ಟ್ ಟ್ರಿಮ್‌ಗೆ ಜಾಸ್ತಿ ಆಗೋದು ನಾಲ್ಕೇ ಲಕ್ಷ. ಪುಕ್ಕಟೆ ಬಂದ ಹಾಗೇ ಅಲ್ವಾ?" ಎಂದ. ಟ್ರಿಮ್ ಅಂದರೆ ಒಂದೇ ಗಾಡಿಯ ಬೇರೆ ಬೇರೆ ದರ್ಜೆ. ಲೆಕ್ಕ ತಪ್ಪಿರಲಿಲ್ಲ. ದೊಡ್ಡ ಎಸ್‌ಯುವಿಗಳ ಮೇಲೆ ಮೊದಲು 28 ಪರ್ಸೆಂಟ್ ಜಿಎಸ್‌ಟಿ, ಅದರ ಮೇಲೆ 22 ಪರ್ಸೆಂಟ್ ಸೆಸ್ ಇತ್ತು. ಸೆಪ್ಟೆಂಬರ್ 22ರಿಂದ ಎರಡೂ ಹೋಗಿ 40 ಪರ್ಸೆಂಟ್ ಆಯಿತು. 70 ಲಕ್ಷದ ಗಾಡಿ ಸುಮಾರು 65.3 ಲಕ್ಷಕ್ಕೆ ಇಳಿಯಿತು. ಆದರೆ ಉಳಿದ ದುಡ್ಡು ನನ್ನದು. ಅದನ್ನು ಅಲ್ಲೇ ಖರ್ಚು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ. "ಹದಿನೈದು ದಿನ ಕೊಡಿ" ಎಂದು ಎದ್ದು ಬಂದೆ. ಆ ಹದಿನೈದು ದಿನ ನಾನು ಏನೇನು ಮಾಡಿದೆ ಅಂತ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗ ಆಗಬಹುದು.

ನನಗೆ ಪುಣೆ ಹತ್ತಿರದ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಟೂಲ್ ರೂಮ್, ಅಂದರೆ ಅಚ್ಚು, ಉಪಕರಣ ಮಾಡುವ ವರ್ಕ್‌ಶಾಪ್, ಇದೆ. ತವರು ಹುಬ್ಬಳ್ಳಿ, ಅಪ್ಪ ಅಲ್ಲೇ ಇದ್ದಾರೆ. ಅತ್ತೆ ನಮ್ಮ ಜೊತೆ ಇರುತ್ತಾರೆ, ಅವರ ತಂಗಿ ಧಾರವಾಡದಲ್ಲಿ. ಹಾಗಾಗಿ ತಿಂಗಳಿಗೆ ಒಂದು ಸಲ, ಕೆಲವೊಮ್ಮೆ ಎರಡು ಸಲ, 430 ಕಿಲೋಮೀಟರ್ ಹತ್ತಿರದ ಆ ದಾರಿಯಲ್ಲಿ ಹೋಗಿ ಬರುವುದು. ಡ್ರೈವಿಂಗ್ ನಾನೇ ಮಾಡುತ್ತೇನೆ. ನನಗೆ ಅದು ಇಷ್ಟ. ಖಂಬಾಟ್ಕಿ ಘಾಟ್ ಹತ್ತುವಾಗ ಗಾಡಿ ತಿರುವಿಗೆ ಸರಿಯಾಗಿ ಕೂತುಕೊಂಡರೆ ಇಡೀ ದಿನ ಮನಸ್ಸು ಖುಷಿಯಾಗಿರುತ್ತದೆ. ಹಿಂದಿನ ಸೀಟಿನಲ್ಲಿ ಅತ್ತೆ. ಅವರಿಗೆ 74 ವರ್ಷ, ಸೊಂಟನೋವು. ಅಂದರೆ ಈ ಗಾಡಿ ಇಬ್ಬರಿಗೆ ಒಪ್ಪಬೇಕಿತ್ತು, ಆ ಇಬ್ಬರಿಗೆ ಬೇಕಾದದ್ದು ಒಂದೇ ಅಲ್ಲ.

ಮೊದಲು ಹೆಸರಿನ ವಿಷಯ. ಬಿಎಂಡಬ್ಲ್ಯುದಲ್ಲಿ ಎಂ ಸ್ಪೋರ್ಟ್, ಮರ್ಸಿಡಿಸ್‌ನಲ್ಲಿ ಎಎಂಜಿ ಲೈನ್, ಆಡಿಯಲ್ಲಿ ಎಸ್ ಲೈನ್ ಅನ್ನುತ್ತಾರೆ. ಇವು ಟ್ರಿಮ್‌ಗಳು. ಬಂಪರ್, ಚಕ್ರ, ಸ್ಟೀರಿಂಗ್, ಸೀಟು, ಕೆಲವು ಗಾಡಿಗಳಲ್ಲಿ ಸಸ್ಪೆನ್ಷನ್, ಇಷ್ಟು ಬದಲಾಗುತ್ತವೆ. ಎಂಜಿನ್ ಸಾಮಾನ್ಯವಾಗಿ ಕೆಳಗಿನ ಟ್ರಿಮ್‌ನದ್ದೇ. ನಿಜವಾಗಿ ಜೋರಾಗಿ ಓಡುವ ಗಾಡಿ ಬೇರೆಯೇ ಇರುತ್ತದೆ. ಉದಾಹರಣೆಗೆ 2023ರಲ್ಲಿ ಇಲ್ಲಿ ಮಾರುತ್ತಿದ್ದ ಬಿಎಂಡಬ್ಲ್ಯು ಎಕ್ಸ್3 20ಡಿ ಎರಡು ಲೀಟರ್, ನಾಲ್ಕು ಸಿಲಿಂಡರ್ ಡೀಸೆಲ್, 190 ಎಚ್‌ಪಿ. ಅದೇ ವರ್ಷ ಬಂದ ಎಕ್ಸ್3 ಎಂ40ಐ ಮೂರು ಲೀಟರ್, ಆರು ಸಿಲಿಂಡರ್ ಪೆಟ್ರೋಲ್, 360 ಎಚ್‌ಪಿ. ದೂರದಿಂದ ನೋಡಿದರೆ ಎಂ ಸ್ಪೋರ್ಟ್ ಬಂಪರ್ ಇರುವ 20ಡಿ ಮತ್ತು ಎಂ40ಐ ಅಣ್ಣತಮ್ಮ ಅನ್ನಿಸುತ್ತವೆ. ಓಡಿಸಿದರೆ ಸಂಬಂಧವೇ ಇಲ್ಲ.

ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕ ಗೆಳೆಯರೊಬ್ಬರು "ಹಾಕೋದಾದ್ರೆ ಇನ್ನೂ ಸ್ವಲ್ಪ ಹಾಕಿ ದೊಡ್ಡ ಎಂಜಿನ್ನೇ ತಗೊಳ್ಳಿ" ಎಂದರು. ನಾನು ಅದನ್ನು ಐದು ನಿಮಿಷದಲ್ಲಿ ಬಿಟ್ಟೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್ ವೇನಲ್ಲೇ ಕಾರಿಗೆ 100ರ ಮಿತಿ, ಘಾಟ್‌ನಲ್ಲಿ 60, ಮೇಲೆ ಕ್ಯಾಮೆರಾ. ನಮ್ಮ ಸಾತಾರಾ-ಕೊಲ್ಹಾಪುರ ದಾರಿಯಲ್ಲಂತೂ ಆರು ಲೇನ್ ಕೆಲಸ ನಡೆದು ಅರ್ಧ ಡೈವರ್ಷನ್ನೇ. ನನ್ನ ದಾರಿಗೆ ಆ ಎಂಜಿನ್ ಬೇಡ.

ಮನೆಗೆ ಬಂದು ಡ್ರಾಯಿಂಗ್ ಶೀಟ್ ಹಿಂದೆ ಎರಡೂ ಟ್ರಿಮ್‌ಗಳ ವ್ಯತ್ಯಾಸ ಬರೆದೆ. ಟೂಲ್ ರೂಮಿನಲ್ಲಿ ಕೊಟೇಶನ್ ಬಂದರೆ ಒಟ್ಟು ಮೊತ್ತ ನೋಡುವುದಿಲ್ಲ, ಪ್ರತಿ ಐಟಂ ಬಿಡಿಸಿ ನೋಡುತ್ತೇವೆ. ಇಲ್ಲೂ ಅದೇ ಮಾಡಿದೆ. ಕಪ್ಪು ಗ್ರಿಲ್, ಬಂಪರ್, ಬ್ಯಾಡ್ಜ್: ನೋಡಲು ಚೆಂದ, ಅಷ್ಟೇ. ಕೆಳಗೆ ಚಪ್ಪಟೆ ಇರುವ ಸ್ಟೀರಿಂಗ್: ಬಂದರೆ ಬರಲಿ, ಇಲ್ಲದಿದ್ದರೂ ನಡೆಯುತ್ತದೆ. ಸ್ಪೋರ್ಟ್ ಸೀಟು: ಇಲ್ಲಿ ನಿಂತೆ. ಈ ಸೀಟಿನ ಮುಂದಿನ ಭಾಗ ಹೊರಗೆ ಎಳೆಯಲು ಬರುತ್ತದೆ, ತೊಡೆಗೆ ಪೂರ್ತಿ ಆಸರೆ ಸಿಗುತ್ತದೆ. ನಾನು ಎತ್ತರ. ಹಳೆಯ ಗಾಡಿಯಲ್ಲಿ ಕರಾಡ್ ದಾಟುವಷ್ಟರಲ್ಲಿ ಬಲಗಾಲು ಜೋಮು ಹಿಡಿಯುತ್ತಿತ್ತು. ಕೆಳಗಿನ ಟ್ರಿಮ್‌ನಲ್ಲಿ ಆ ಸೀಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಆಮೇಲೆ ಸಸ್ಪೆನ್ಷನ್. ದಯವಿಟ್ಟು ಈ ಒಂದು ಪ್ರಶ್ನೆ ಕೇಳದೆ ಬುಕ್ ಮಾಡಬೇಡಿ. "ಸ್ಪೋರ್ಟ್ ಸಸ್ಪೆನ್ಷನ್" ಅಂದರೆ ಎರಡು ಬೇರೆ ಬೇರೆ ವಸ್ತು ಇರಬಹುದು. ಒಂದು, ಸುಮ್ನೆ ಗಟ್ಟಿ ಸ್ಪ್ರಿಂಗು, ಗಟ್ಟಿ ಶಾಕ್ ಅಬ್ಸಾರ್ಬರ್. ಅದು ಯಾವಾಗಲೂ ಗಟ್ಟಿಯೇ. ಇನ್ನೊಂದು, ಅಡಾಪ್ಟಿವ್. ಶಾಕ್ ಒಳಗಿನ ಎಣ್ಣೆ ಹರಿಯುವ ದಾರಿಯನ್ನು ವಾಲ್ವ್ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಹಾಗಾಗಿ ಕಂಫರ್ಟ್ ಮೋಡ್‌ನಲ್ಲಿ ನಿಜವಾಗಿಯೂ ಮೆತ್ತಗಾಗುತ್ತದೆ. ಸೇಲ್ಸ್ ಹುಡುಗನಿಗೆ ಗೊತ್ತಿರಲಿಲ್ಲ. ಸರ್ವಿಸ್ ವಿಭಾಗದ ಹಿರಿಯ ಟೆಕ್ನಿಷಿಯನ್ ಒಬ್ಬರು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಶಾಕ್‌ಗೆ ಹೋಗುವ ವೈರ್ ತೋರಿಸಿದರು. ಅಡಾಪ್ಟಿವ್ ಇತ್ತು. ಕೆಳಗಿನ ಟ್ರಿಮ್‌ಗೆ ಇರಲಿಲ್ಲ.

ಕೊನೆಗೆ ಚಕ್ರ. ಕೆಳಗಿನ ಟ್ರಿಮ್‌ಗೆ 235/60 ಆರ್18, ಸ್ಪೋರ್ಟ್‌ಗೆ 255/45 ಆರ್20. ಈ ನಂಬರ್ ಓದುವುದು ಸುಲಭ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಆ ಅಗಲದ ಎಷ್ಟು ಪರ್ಸೆಂಟ್ ಟೈರಿನ ಗೋಡೆಯ ಎತ್ತರ ಅಂತ. ಕೊನೆಯ 18, 20 ಒಳಗಿನ ಲೋಹದ ಚಕ್ರದ (ಅಲಾಯ್) ವ್ಯಾಸ, ಇಂಚಿನಲ್ಲಿ. 235ರ 60 ಪರ್ಸೆಂಟ್ 141 ಮಿಲಿಮೀಟರ್. 255ರ 45 ಪರ್ಸೆಂಟ್ ಸುಮಾರು 115. ಚಕ್ರದ ಒಟ್ಟು ವ್ಯಾಸ ಎರಡರಲ್ಲೂ ಹೆಚ್ಚುಕಮ್ಮಿ 738 ಮಿಲಿಮೀಟರೇ, ಆದರೆ 20 ಇಂಚಿನದರಲ್ಲಿ ಒಂದು ಇಂಚು ರಬ್ಬರು ಮತ್ತು ಗಾಳಿ ಹೋಗಿ ಆ ಜಾಗಕ್ಕೆ ಲೋಹ ಬಂದಿದೆ. ನಮ್ಮ ರಸ್ತೆಯಲ್ಲಿ ಚೂಪು ಅಂಚಿನ ಗುಂಡಿಗೆ ಮೊದಲು ಸಿಗುವುದು ಶಾಕ್ ಅಬ್ಸಾರ್ಬರ್ ಅಲ್ಲ, ಟೈರಿನ ಗೋಡೆ. ಅದು ಮಡಚಿಕೊಳ್ಳುವಷ್ಟು ಮಡಚಿಕೊಂಡ ಮೇಲೆ ಉಳಿದ ಪೆಟ್ಟು ಅಲಾಯ್‌ಗೆ, ಅಲ್ಲಿಂದ ಮೇಲಕ್ಕೆ. ಹಳೆಯ ಗಾಡಿಯಲ್ಲಿ ಒಂದು ಮಳೆಗಾಲದ ರಾತ್ರಿ ನೀರು ತುಂಬಿದ ಗುಂಡಿಗೆ ಬಿದ್ದು ಟೈರಿನ ಗೋಡೆ ಸೀಳಿ, ಮಗಳನ್ನು ಕರೆದುಕೊಂಡು ಒಂದೂವರೆ ಗಂಟೆ ರಸ್ತೆ ಪಕ್ಕ ನಿಂತಿದ್ದೆ. ಅದು ಮರೆತುಹೋಗುವಂಥದ್ದಲ್ಲ.

ಕಾಗದದ ಲೆಕ್ಕ ಸಾಕು ಅಂತ ಟೆಸ್ಟ್ ಡ್ರೈವ್‌ಗೆ ಹೋದೆ. ಶೋರೂಮಿನವರು ಬೈಪಾಸ್‌ನಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ನಾನು ಒಪ್ಪಲಿಲ್ಲ. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಚಾಂದನಿ ಚೌಕ್, ಪೌಡ್ ರಸ್ತೆ, ಕೋಥ್ರೂಡ್‌ನ ಒಳಗಲ್ಲಿಗಳು, ಸಿಂಹಗಡ ರಸ್ತೆ ಹೀಗೆ ನಾವು ದಿನಾ ಓಡಾಡುವ ಕಡೆಯೇ ಓಡಿಸುತ್ತೇನೆ ಎಂದೆ. ಅಕ್ಟೋಬರ್ ಮೊದಲ ವಾರ, ಮಳೆ ಪೂರ್ತಿ ಹೋಗಿರಲಿಲ್ಲ, ಗುಂಡಿಗಳಿಗೆ ಕೊರತೆ ಇರಲಿಲ್ಲ. ಹೊರಡುವ ಮುಂಚೆ ನನ್ನ ಪ್ರೆಷರ್ ಗೇಜ್ ಹಾಕಿ ನೋಡಿದೆ. ಬಾಗಿಲ ಕಂಬದ ಸ್ಟಿಕರ್ ಮೇಲೆ 34, ಟೈರಿನಲ್ಲಿ 41! ಸ್ಟಾಕ್ ಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ, ಟೈರು ಒಂದೇ ಕಡೆ ಚಪ್ಪಟೆ ಆಗಬಾರದು ಅಂತ ಜಾಸ್ತಿ ಗಾಳಿ ತುಂಬಿರುತ್ತಾರೆ, ಆಮೇಲೆ ಇಳಿಸಲು ಮರೆಯುತ್ತಾರೆ. ಅದೇ ಗಾಳಿಯಲ್ಲಿ ಓಡಿಸಿದ್ದರೆ ಗಾಡಿಗೆ ಅನ್ಯಾಯ ಆಗುತ್ತಿತ್ತು. ಎರಡೂ ಗಾಡಿಗೆ 34 ಮಾಡಿಸಿಯೇ ಹೊರಟೆ.

ಅತ್ತೆಗೆ ಯಾವುದು ಯಾವ ಟ್ರಿಮ್ ಅಂತ ಹೇಳಿರಲಿಲ್ಲ. ಮೊದಲು ಕೆಳಗಿನದು, ಆಮೇಲೆ ಸ್ಪೋರ್ಟ್, ಎರಡನ್ನೂ ಅದೇ ದಾರಿಯಲ್ಲಿ, 30-40ರ ವೇಗದಲ್ಲಿ ಓಡಿಸಿದೆ. ಇಳಿದ ಮೇಲೆ ಅವರು ಹೇಳಿದ್ದು ಇದು: "ಎರಡನೇದ್ರಾಗ ಹಂಪ್ ಬಂದಾಗ ಏನೂ ಅನಸಲಿಲ್ಲವಾ, ಅದು ಛಲೋ ಐತಿ. ಆದ್ರ ಸಣ್ಣ ಸಣ್ಣ ತೆಗ್ಗಿನಾಗ ಸೊಂಟಕ್ಕ ಚುಚ್ಚತೈತಿ."

ನಾನು ಹದಿನೈದು ದಿನ ಓದಿ ತಿಳಿದದ್ದನ್ನು ಅವರು ಒಂದು ಗಂಟೆಯಲ್ಲಿ ಹೇಳಿದರು. ಹಂಪ್ ಅಂದರೆ ನಿಧಾನದ ದೊಡ್ಡ ಅಲೆ, ಅದನ್ನು ಅಡಾಪ್ಟಿವ್ ಶಾಕ್ ನುಂಗುತ್ತದೆ. ಸಣ್ಣ ಚೂಪು ಗುಂಡಿಯನ್ನು ನುಂಗಬೇಕಾದದ್ದು ಟೈರು, ಅಲ್ಲಿ ಆ ಒಂದು ಇಂಚು ಇಲ್ಲ. ಸ್ಪೋರ್ಟ್ ಟ್ರಿಮ್ ಕೆಟ್ಟದ್ದಲ್ಲ, ಅದರ ಚಕ್ರ ನಮ್ಮ ದಾರಿಗೆ ಸರಿಯಲ್ಲ ಅಂತ ಅವತ್ತು ನನಗೆ ಖಾತ್ರಿ ಆಯಿತು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾಲ್ಕು ಲಕ್ಷ ಅಂದರೆ ನಾಲ್ಕೇ ಲಕ್ಷ ಅಲ್ಲ. ಮಹಾರಾಷ್ಟ್ರದಲ್ಲಿ 20 ಲಕ್ಷ ದಾಟಿದ ಡೀಸೆಲ್ ಕಾರಿಗೆ, ವೈಯಕ್ತಿಕ ಹೆಸರಿನಲ್ಲಿ, ರೋಡ್ ಟ್ಯಾಕ್ಸ್ 15 ಪರ್ಸೆಂಟ್. ಅಲ್ಲಿಗೆ 60 ಸಾವಿರ. 4.6 ಲಕ್ಷವನ್ನು 9 ಪರ್ಸೆಂಟ್ ಬಡ್ಡಿಗೆ ಐದು ವರ್ಷ ಕಟ್ಟಿದರೆ ಒಟ್ಟು 5.7 ಲಕ್ಷ ದಾಟುತ್ತದೆ. ವಿಮೆ ಪ್ರತಿ ವರ್ಷ ಸ್ವಲ್ಪ ಜಾಸ್ತಿ. ಒಂದು ಪರ್ಸೆಂಟ್ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದು ರಿಟರ್ನ್ ಫೈಲ್ ಮಾಡುವಾಗ ಹೊಂದಾಣಿಕೆ ಆಗುತ್ತದೆ. ಮುಂದೆ ಮಾರುವಾಗ ಆ ದುಡ್ಡು ವಾಪಸ್ ಬರುತ್ತದಾ ಅಂತ ಇಬ್ಬರು ಹಳೇ ಕಾರು ವ್ಯಾಪಾರಿಗಳನ್ನು ಕೇಳಿದೆ. ಸ್ಪೋರ್ಟ್ ಟ್ರಿಮ್ ಬೇಗ ಮಾರಾಟ ಆಗುತ್ತದೆ, ಆದರೆ ಕೊಟ್ಟ ವ್ಯತ್ಯಾಸ ಪೂರ್ತಿ ಸಿಗಲ್ಲ ಎಂದರು ಇಬ್ಬರೂ. ಹಾಗಾಗಿ ವಾಪಸ್ ಬರಲ್ಲ ಅಂದುಕೊಂಡೇ ಲೆಕ್ಕ ಹಾಕಿದೆ. ಸೀಟು ಮತ್ತು ಸಸ್ಪೆನ್ಷನ್‌ಗೆ 5.7 ಲಕ್ಷ ಕೊಡುತ್ತೇನಾ? ತಿಂಗಳಿಗೆ 15-20 ಗಂಟೆ ಹೈವೇಯಲ್ಲೇ ಕೂರುವ ನನಗೆ, ಹೌದು. ಊರೊಳಗೆ ಮಾತ್ರ ಓಡಿಸುವವರಾಗಿದ್ದರೆ ಖಂಡಿತ ಕೊಡುತ್ತಿರಲಿಲ್ಲ, ಕೆಳಗಿನ ಟ್ರಿಮ್ಮೇ ತಗೊಂಡು ಸುಮ್ಮನಾಗುತ್ತಿದ್ದೆ.

18 ಇಂಚಿನ ಚಕ್ರ ಹಾಕಿ ಸ್ಪೋರ್ಟ್ ಟ್ರಿಮ್ ಕೊಡಿ ಎಂದು ಡೀಲರ್‌ಗೆ ಕೇಳಿದೆ. ಆಗಲ್ಲ ಎಂದರು. ಆದರೆ ಸ್ಪೋರ್ಟ್ ಗಾಡಿಯ ಬಾಗಿಲ ಸ್ಟಿಕರ್ ಮೇಲೆಯೇ ಎರಡೂ ಅಳತೆ ಅಚ್ಚಾಗಿತ್ತು. ಅಂದರೆ ತಯಾರಕರೇ ಒಪ್ಪಿದ ಅಳತೆ. ಅದರ ಫೋಟೋ ಹಾಕಿ ವಿಮೆ ಕಂಪನಿಗೆ ಈಮೇಲ್ ಬರೆದೆ, ತೊಂದರೆ ಇಲ್ಲ ಅಂತ ಉತ್ತರ ಬಂತು, ಅದನ್ನು ಪ್ರಿಂಟ್ ತೆಗೆದು ಗಾಡಿಯ ಕಾಗದಗಳ ಜೊತೆ ಇಟ್ಟಿದ್ದೇನೆ. ಸ್ಟಿಕರ್ ಮೇಲೆ ಇಲ್ಲದ ಅಳತೆಗೆ ಮಾತ್ರ ಹೋಗಬೇಡಿ.

ಚಕ್ರ ಸಿಕ್ಕಿದ್ದು ಕೋಥ್ರೂಡ್‌ನಲ್ಲೇ. ಅದೇ ಗಾಡಿಯ ಕೆಳಗಿನ ಟ್ರಿಮ್ ಇಟ್ಟುಕೊಂಡಿದ್ದ ಒಬ್ಬರು ಅಂದಕ್ಕೆ ದೊಡ್ಡ ಚಕ್ರ ಹಾಕಿಸಿ, ಕಂಪನಿಯ 18 ಇಂಚಿನ ನಾಲ್ಕನ್ನೂ ಬಾಲ್ಕನಿಯಲ್ಲಿ ಇಟ್ಟಿದ್ದರು. ಹಳೆಯದು ತಗೊಳ್ಳುವುದಾದರೆ ಅಲಾಯ್‌ನ ಒಳಮುಖ ನೋಡಿ, ಬಾಗಿದ್ದರೆ ಬಿರುಕು ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅಂತ ಹೇಳುವ ಆಫ್‌ಸೆಟ್ ನಂಬರ್ ಅಲ್ಲೇ ಕೆತ್ತಿರುತ್ತದೆ, ಅದು ತಾಳೆ ಆಗಬೇಕು. ಟೈರಿನ ಮೇಲೆ ನಾಲ್ಕು ಅಂಕಿಯ ಕೋಡ್ ಇರುತ್ತದೆ, 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಲೋಡ್ ಇಂಡೆಕ್ಸ್, ಅಂದರೆ ಟೈರು ಎಷ್ಟು ಭಾರ ಹೊರುತ್ತದೆ ಅನ್ನುವ ನಂಬರ್, ಸ್ಟಿಕರ್‌ನಲ್ಲಿ ಇದ್ದದ್ದಕ್ಕಿಂತ ಕಡಿಮೆ ಇರಬಾರದು. ಸ್ಪೋರ್ಟ್ ಟ್ರಿಮ್‌ಗೆ ಮುಂದಿನ ಬ್ರೇಕ್ ದೊಡ್ಡದಿದ್ದರೆ ಸಣ್ಣ ಚಕ್ರ ಕ್ಯಾಲಿಪರ್‌ಗೆ (ಬ್ರೇಕ್ ಡಿಸ್ಕ್ ಹಿಡಿಯುವ ಭಾಗ) ತಾಗಬಹುದು. ಅದಕ್ಕೇ ಡೆಲಿವರಿ ಆದ ಮರುದಿನ ಮೊದಲು ಒಂದೇ ಚಕ್ರ ಹಾಕಿಸಿ, ಕೈಯಲ್ಲಿ ತಿರುಗಿಸಿ, ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಸಲೀಸಾಗಿ ತಿರುಗಿತು. ಉಳಿದ ಮೂರೂ ಹಾಕಿಸಿ, ಅಲೈನ್‌ಮೆಂಟ್ ನೋಡಿಸಿ, ಮೆನುವಿನಲ್ಲಿ ಟೈರ್ ಪ್ರೆಷರ್ ರೀಸೆಟ್ ಮಾಡಿದೆ. 20 ಇಂಚಿನವು ಭೋಸರಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಗಾಡಿ ಮಾರುವ ದಿನ ಅವು ವಾಪಸ್ ಗಾಡಿಗೆ.

ತಿರುವಿನಲ್ಲಿ ಮೊದಲಿನಷ್ಟು ಚುರುಕು ಇಲ್ಲ, ಅದು ನಿಜ. ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ತಿರುಗಲು ಕೂದಲೆಳೆಯಷ್ಟು ತಡ. ಖಂಬಾಟ್ಕಿಯಲ್ಲಿ ನನಗೆ ಅದು ಗೊತ್ತಾಗುತ್ತದೆ. ಸ್ಪೋರ್ಟ್ ಮೋಡ್ ಹಾಕಿದರೆ ಅರ್ಧ ವಾಪಸ್ ಬರುತ್ತದೆ, ಇನ್ನರ್ಧ ನಾನು ಬಿಟ್ಟುಕೊಟ್ಟದ್ದು.

ಮೊದಲ ಸಲ ಹುಬ್ಬಳ್ಳಿಗೆ ಹೊರಟಾಗ ಸಾತಾರಾ ದಾಟಿ ಒಂದು ಪೆಟ್ರೋಲ್ ಪಂಪ್‌ನಲ್ಲಿ ನಿಲ್ಲಿಸಿದೆ. ಚಕ್ರ ಬದಲಾಯಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ರೆಂಚ್‌ನಲ್ಲಿ ಬಿಗಿಮಾಡಿ ನೋಡಬೇಕು, ಅದಕ್ಕೆ. ಅತ್ತೆ ಕಿಟಕಿ ಇಳಿಸಿ "ಏನಾತವಾ, ಪಂಚರ್ ಏನು?" ಎಂದರು. "ಇಲ್ಲತ್ತಿ, ಬೋಲ್ಟ್ ನೋಡಾಕತ್ತೇನಿ" ಎಂದೆ. ಇಪ್ಪತ್ತು ಬೋಲ್ಟ್‌ಗಳಲ್ಲಿ ಎರಡು ಮಾತ್ರ ಸ್ವಲ್ಪ ತಿರುಗಿದವು. ಬಿಗಿ ಮಾಡಿ, ಕೈ ತೊಳೆದು ಹೊರಟೆವು.