ಟೈಪ್ 1 ಮಧುಮೇಹವಿರುವ ಮಗುವಿನ ದಿನಚರಿಯನ್ನು ಹಗುರಗೊಳಿಸುವ ಬಗೆ

ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಪಡಿಸುವುದರಿಂದ, ಮಗುವಿಗೆ ಪ್ರತಿದಿನವೂ ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು. ಸಿಹಿ ತಿಂದದ್ದರಿಂದ ಈ ಕಾಯಿಲೆ ಬಂದದ್ದಲ್ಲ ಎಂಬುದನ್ನು ಮಗುವಿಗೂ ಒಡಹುಟ್ಟಿದವರಿಗೂ ಮೊದಲೇ ತಿಳಿಸಿ.

ರಕ್ತ ಪರೀಕ್ಷೆಗೆ ಬೆರಳತುದಿಯ ನಡುಭಾಗವನ್ನು ಬಿಟ್ಟು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಯಾವ ಬೆರಳು ಎಂಬುದನ್ನು ಮಗುವೇ ಆರಿಸಲಿ. ಸಕ್ಕರೆ ಅಳೆಯುವ ಮೀಟರಿನಲ್ಲಿ 280ರಂಥ ಹೆಚ್ಚಿನ ಅಂಕಿ ಕಂಡೊಡನೆ 'ಏನು ತಿಂದೆ?' ಎಂದು ಗದರಿಸಬೇಡಿ, ಏಕೆಂದರೆ ಜ್ವರ, ಬೆಳೆಯುವ ವಯಸ್ಸಿನ ಹಾರ್ಮೋನುಗಳು, ಶಾಲೆಯ ಪರೀಕ್ಷೆಯ ಆತಂಕ ಕೂಡ ಸಕ್ಕರೆಯನ್ನು ಏರಿಸಬಲ್ಲವು. ಬೈಗುಳಕ್ಕೆ ಹೆದರಿದ ಮಗು ಅಂಕಿಯನ್ನೇ ಮುಚ್ಚಿಡಲು ಕಲಿಯುತ್ತದೆ. ಆ ಅಭ್ಯಾಸವನ್ನು ಬಿಡಿಸುವುದು ಚುಚ್ಚುಮದ್ದಿಗೆ ಒಪ್ಪಿಸುವುದಕ್ಕಿಂತ ಕಷ್ಟ.

ಆಟ, ಪ್ರವಾಸ, ಗೆಳೆಯರ ಹುಟ್ಟುಹಬ್ಬ ಯಾವುದನ್ನೂ ತಪ್ಪಿಸಬೇಕಿಲ್ಲ. ಆದರೆ ಬೆವರುವುದು, ನಡುಗುವುದು, ಕಾರಣವಿಲ್ಲದೆ ಸಿಡುಕುವುದು ಸಕ್ಕರೆ ಇಳಿದ ಲಕ್ಷಣವಿರಬಹುದೆಂದು ಶಿಕ್ಷಕರಿಗೆ ಬರೆದು ಕೊಟ್ಟಿರಬೇಕು. ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ವೈದ್ಯರು ಹೇಳಿದ ಪ್ರಮಾಣದ ಗ್ಲೂಕೋಸ್ ಕೊಟ್ಟು, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಅಷ್ಟರವರೆಗೆ ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳುಹಿಸಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ತುರ್ತು ಚಿಕಿತ್ಸೆಗೆ ಒಯ್ಯಬೇಕು.

ಮಗುವಿನ ಜೀವನದ ಗುಣಮಟ್ಟವನ್ನು ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಪರೀಕ್ಷೆಯೊಂದರಿಂದಲೇ ಅಳೆಯಲಾಗದು. ತಂದೆತಾಯಿಯರ ಅಂದಾಜೂ ಮಗುವಿನ ಅನುಭವವೂ ಎಷ್ಟೋ ಸಲ ಹೊಂದುವುದಿಲ್ಲವಾದ್ದರಿಂದ, 'ಈ ವಾರ ಯಾವುದು ಬೇಸರ ತಂದಿತು?' ಎಂದು ಮಗುವನ್ನೇ ಕೇಳಿ, ಉತ್ತರವನ್ನು ತಿದ್ದದೆ ವೈದ್ಯರಿಗೆ ತಿಳಿಸಿ.