ಗಲೋರ್ ಪದವನ್ನು ನಾನು ಕಲಿಸಿದ ಬಗೆ

ಕನ್ನಡದ ಮೂಲಕ ಇಂಗ್ಲಿಷ್ ಕಲಿಸಿದರೆ ವಾಕ್ಯರಚನೆಯೇ ಕೆಡುತ್ತದೆ ಎಂದು ಕೋಲಾರದ ಹಿರಿಯ ಸಹೋದ್ಯೋಗಿಗಳು ನನ್ನನ್ನು ಅನೇಕ ಬಾರಿ ಎಚ್ಚರಿಸಿದ್ದರು. ಕನಿಷ್ಠ ‘ಹೇರಳವಾಗಿ’ ಎಂಬರ್ಥದ ‘ಗಲೋರ್’ (galore) ಪದದ ಮಟ್ಟಿಗೆ ಆ ಮಾತು ಸಲ್ಲದೆಂಬುದನ್ನು ನನ್ನ ಸಂಜೆ ತರಗತಿ ತೋರಿಸಿಕೊಟ್ಟಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಅದೇ ಅರ್ಥದ ‘ಪ್ಲೆಂಟಿ ಆಫ್’ ಕಲಿಸುವುದು ಇಂಗ್ಲಿಷ್ ಕಲಿಸುವ ನಿಮಗೆಲ್ಲ ಗೊತ್ತೇ ಇದೆ. ತೊಡಕಿರುವುದು ನಾಮಪದಕ್ಕೆ ಮೊದಲು ಬಾರದೆ, ಅದರ ನಂತರವೇ ನಿಲ್ಲುವ ಗಲೋರ್‌ನಲ್ಲಿ. ಸಮಾನಾರ್ಥಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದಾಗ ಮಕ್ಕಳು ಅರ್ಥವನ್ನು ಥಟ್ಟನೆ ಹೇಳಿದರು. ಬರೆಯಲು ಕೊಟ್ಟರೆ ‘ಗಲೋರ್ ಮ್ಯಾಂಗೋಸ್’, ‘ಗಲೋರ್ ಆಫ್ ಮ್ಯಾಂಗೋಸ್’ ಎಂದೇ ಬರೆದರು. ಸುಮಾರು ನಾಲ್ಕು ಸಾವಿರ ರೂಪಾಯಿ ಕೊಟ್ಟು ಬಣ್ಣದ ಚಿತ್ರಪಟಗಳನ್ನು ಮುದ್ರಿಸಿದೆ. ಅದೂ ಫಲ ಕೊಡದಿದ್ದಾಗ ಹನ್ನೊಂದು ಸಾವಿರದ ಆಸುಪಾಸಿನಲ್ಲಿ ಹಳೆಯ ಪ್ರೊಜೆಕ್ಟರ್ ಒಂದನ್ನು ಕೊಂಡೆ. ಆ ತಿಂಗಳು ಬಂದ ಶುಲ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು, ಬಾಡಿಗೆಯನ್ನು ಕೈಯಿಂದ ಹಾಕಬೇಕಾಯಿತು, ಉತ್ತರಪತ್ರಿಕೆಗಳಲ್ಲಿ ಮಾತ್ರ ಗಲೋರ್ ತನ್ನ ಜಾಗಕ್ಕೆ ಬರಲಿಲ್ಲ.

ದಾರಿ ಸಿಕ್ಕಿದ್ದು ಪದದ ಮೂಲವನ್ನು ನೋಡಿದಾಗ. ಅದು ಐರಿಷ್ ಭಾಷೆಯ ‘ಗೊ ಲ್ಯೋರ್’ನಿಂದ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದದ್ದು, ಸಾಕೆನಿಸುವಷ್ಟು ಎಂಬುದು ಅದರ ಮೂಲಾರ್ಥ. ಐರಿಷ್‌ನಲ್ಲಿ ಅದು ನಾಮಪದದ ನಂತರವೂ ಬರುವುದುಂಟು, ಇಂಗ್ಲಿಷಿನಲ್ಲಿ ಆ ಜಾಗವೇ ಉಳಿಯಿತು. ನಮ್ಮ ‘ಬೇಕಾದಷ್ಟು’ ಕೂಡ ಮಾತಿನಲ್ಲಿ ಸಾಮಾನ್ಯವಾಗಿ ಅದೇ ಜಾಗದಲ್ಲಿ ನಿಲ್ಲುತ್ತದೆಯಲ್ಲವೇ? ಕರಿಹಲಗೆಯ ಮೇಲೆ ‘ಮಾವಿನಹಣ್ಣು ಬೇಕಾದಷ್ಟು’ ಎಂದು ಬರೆದು, ‘ಮಾವಿನಹಣ್ಣು’ ಎಂಬುದರ ಕೆಳಗೆ ‘ಮ್ಯಾಂಗೋಸ್’ ಎಂದು ಬರೆದು, ‘ಬೇಕಾದಷ್ಟು’ ಎಂಬುದರ ಕೆಳಗೆ ಬರಿಯ ಗೆರೆ ಎಳೆದೆ. ಶ್ರೀನಿವಾಸಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳು, “ಸರ್, ಗಲೋರ್ ಅಲ್ಲಿಗೇ ಬರುತ್ತೆ, ಆಫ್ ಹಾಕೋಕೆ ಜಾಗಾನೇ ಇಲ್ಲ” ಎಂದಳು. ನಾನು ವಿವರಿಸಬೇಕೆಂದಿದ್ದ ನಿಯಮವನ್ನು ಅವಳೇ ಹೇಳಿ ಮುಗಿಸಿದ್ದಳು. ‘ದೇರ್ ಆರ್ ಮ್ಯಾಂಗೋಸ್ ಗಲೋರ್ ಇನ್ ಶ್ರೀನಿವಾಸಪುರ’ ಎಂಬ ಪೂರ್ಣ ವಾಕ್ಯವನ್ನು ಅಂದೇ ಎಲ್ಲರೂ ಬರೆದರು. ಮೂವತ್ತೈದರಷ್ಟಿರುವ ತರಗತಿಯಲ್ಲಿ ಹಿಂದೆ ಏಳೆಂಟು ಜನ ಮಾತ್ರ ಸರಿಯಾಗಿ ಬರೆಯುತ್ತಿದ್ದರು. ಈಗ ಮೂವತ್ತರ ಹತ್ತಿರ ಬರೆಯುತ್ತಾರೆ. ಎಚ್ಚರಿಸಿದ್ದವರಲ್ಲಿ ಇಬ್ಬರು ಈಚೆಗೆ ನನ್ನ ಅಭ್ಯಾಸಪತ್ರಗಳನ್ನು ಕೇಳಿ ಪಡೆದಿದ್ದಾರೆ.

ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ನಮ್ಮಲ್ಲಿ ಬಹಳ ಇರುವುದರಿಂದ ‘ಕಾವಲಸಿನಂತ’ ಎಂಬ ಪದವನ್ನಿಟ್ಟುಕೊಂಡೂ ಪ್ರಯತ್ನಿಸಿದೆ. ಫಲ ಅಷ್ಟೇ ಚೆನ್ನಾಗಿತ್ತು. ಅದೇ ಉತ್ಸಾಹದಲ್ಲಿ ‘ಗ್ಲಟ್’ ಪದವನ್ನು ಟೊಮೆಟೊ ಮಂಡಿಯ ಮಾತಿನಿಂದ ಕಲಿಸಿದೆ. ಮಾಲು ಬೇಕಾದಷ್ಟಿದೆ ಎಂದು ಸಂತೋಷದಿಂದ ಹೇಳುವಾಗ ಗಲೋರ್, ಮಾಲು ವಿಪರೀತ ಬಂದು ಹದಿನೈದು ಕೆ.ಜಿ. ಬಾಕ್ಸಿನ ರೇಟು ಬಿದ್ದುಹೋದಾಗ ಗ್ಲಟ್ ಎಂದರೆ ಮಂಡಿಯವರ ಮಕ್ಕಳಿಗೆ ಎರಡನೆಯ ಉದಾಹರಣೆಯೇ ಬೇಕಾಗಲಿಲ್ಲ. ‘ಪ್ಲೆಥೊರಾ’ ಮಾತ್ರ ಇಷ್ಟು ಸುಲಭವಾಗಿ ಒಗ್ಗಲಿಲ್ಲ. ಗ್ರೀಕ್ ಮೂಲದ ಆ ಪದ ವೈದ್ಯದಲ್ಲಿ ದೇಹದಲ್ಲಿ ರಕ್ತ ಅತಿಯಾಗುವುದನ್ನು ಸೂಚಿಸುತ್ತಿತ್ತು, ಹಾಗಾಗಿ ಅದರಲ್ಲಿ ಅತಿಯಾಯಿತೆಂಬ ಛಾಯೆ ಇದೆ ಎಂದು ಹೇಳಿದ ಮೇಲೂ ಅರ್ಧದಷ್ಟು ಜನ ಅದನ್ನು ಬರಿಯ ‘ಬಹಳ’ ಎಂದೇ ಬಳಸುತ್ತಾರೆ.

ಕಲಿತ ಪದವನ್ನು ಮಕ್ಕಳು ಮೂರನೆಯ ವಾರಕ್ಕೆ ಮರೆಯದಂತೆ ಮಾಡುವ ಅಭ್ಯಾಸವೊಂದಿದೆ. ಅದು ನನ್ನ ತರಗತಿಯ ಬಂಡವಾಳವಾದ್ದರಿಂದ ಇಲ್ಲಿ ಬಿಚ್ಚಿಡುವುದಿಲ್ಲ. ಆದರೆ ಈ ವಿಧಾನವನ್ನು ಅನುಸರಿಸುವವರು ಎರಡು ಕಡೆ ಮಕ್ಕಳನ್ನು ತಡೆಯಬೇಕು. ‘ಬೇಕಾದಷ್ಟು ಇಲ್ಲ’ ಎಂಬ ಕನ್ನಡದ ಧಾಟಿಯಲ್ಲಿ ‘ನಾಟ್’ ಜೊತೆ ಗಲೋರ್ ಹಾಕುತ್ತಾರೆ. ಅಲ್ಲಿ ‘ಇನಫ್’ ಬರೆಸಿರಿ. ಮತ್ತೆ, ಅದು ಜಾಹೀರಾತಿಗೂ ಪತ್ರಿಕೆಯ ಶೀರ್ಷಿಕೆಗೂ ಒಪ್ಪುವ ಸಲಿಗೆಯ ಪದವಾದ್ದರಿಂದ, ಬ್ಯಾಂಕ್ ಮ್ಯಾನೇಜರರಿಗೆ ಬರೆಯುವ ಪತ್ರದಲ್ಲಿ ಅದರ ಬದಲು ‘ಸಾಕಷ್ಟು’ ಎಂಬರ್ಥದ ‘ಆಂಪಲ್’ ಬರೆಸುವುದು ಒಳ್ಳೆಯದು.